ಬೀಡಿ ಸೇದೋನ ತೆರಿಗೆ ಯಾರ ಗಂಟು?

‘ನಮ್ಮ ತೆರಿಗೆ ದುಡ್ಡಲ್ಲಿ ಬಿಟ್ಟಿ ಅನ್ನ ತಿಂದು ಓದೋರು.’

ಹಾಸ್ಟೆಲಿನ ಹುಡುಗರು, ಹುಡುಗಿಯರು ಈ ಮಾತನ್ನು ಒಂದಲ್ಲ ಒಂದು ಸಲ ಕೇಳಿಯೇ ಇರುತ್ತೀರಿ. ಕೆಲವರು ಮುಖದ ಮೇಲೆ ಹೇಳ್ತಾರೆ, ಕೆಲವರು ಬೆನ್ನ ಹಿಂದೆ ಆಡ್ತಾರೆ. ಸ್ಕಾಲರ್‌ಶಿಪ್ ತಡವಾಯ್ತು ಅಂತ ಧರಣಿ ಕೂತರೆ ಈ ಮಾತು ಇನ್ನೂ ಜೋರಾಗಿ ಕೇಳುತ್ತೆ. ತೆರಿಗೆ ಕಟ್ಟುವವರು ಅವರು, ತಿನ್ನುವವರು ನಾವು ಅನ್ನೋದು ಅವರ ಲೆಕ್ಕ. ನಮ್ಮವರಲ್ಲೂ ಎಷ್ಟೋ ಜನ ಈ ಮಾತಿಗೆ ತಲೆ ತಗ್ಗಿಸುತ್ತಾರೆ. ನಮ್ಮಪ್ಪ ಕೂಲಿ, ಅವನೇನು ತೆರಿಗೆ ಕಟ್ಟಿದ್ದಾನೆ ಅಂತ ಒಳಗೊಳಗೇ ಕುಗ್ಗುತ್ತಾರೆ.

ಗೆಳೆಯರೇ, ನಿಮ್ಮಪ್ಪನೂ ತೆರಿಗೆ ಕಟ್ಟಿದ್ದಾನೆ. ಉಪ್ಪು ಬಿಟ್ಟರೆ ಅಂಗಡಿಯ ಬಹುಪಾಲು ಸಾಮಾನಿನ ಮೇಲೆ ಕಟ್ಟಿದ್ದಾನೆ. ಬೀಡಿ ಸೇದುವ ಚಟ ಇದ್ದರಂತೂ ಒಂದೊಂದು ದಮ್ಮಿಗೂ ಕಟ್ಟಿದ್ದಾನೆ. ರಸೀದಿ ಮಾತ್ರ ಯಾರೂ ಕೊಟ್ಟಿಲ್ಲ.

ಒಂದು ಲೆಕ್ಕ ಹಾಕೋಣ. ನಮ್ಮ ಕೇರಿಯ ಒಬ್ಬ ಕೂಲಿಯಾಳು ದಿನಕ್ಕೆ 20 ರೂಪಾಯಿ ಬೀಡಿಗೆ ಹಾಕ್ತಾನೆ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ 7,300 ರೂಪಾಯಿ ಆಯಿತು. 2017ರ ಜುಲೈ 1ರಿಂದ ಬೀಡಿಯ ಮೇಲೆ ಶೇ. 28 ಜಿಎಸ್‌ಟಿ ಬಿತ್ತು. ಅಂದರೆ ಕೊಟ್ಟ 128 ರೂಪಾಯಿಯಲ್ಲಿ 28 ರೂಪಾಯಿ ತೆರಿಗೆ. ಆ ಪ್ರಕಾರ ಅವನ 7,300ರಲ್ಲಿ ಸುಮಾರು 1,600 ರೂಪಾಯಿ ಖಜಾನೆಗೆ ಸೇರಿತು. 2026ರ ಫೆಬ್ರವರಿ 1ರಿಂದ ಬೀಡಿಯ ತೆರಿಗೆ ಶೇ. 18ಕ್ಕೆ ಇಳಿದಿದೆ. ಆ ಲೆಕ್ಕದಲ್ಲೂ ವರ್ಷಕ್ಕೆ ಸುಮಾರು 1,100 ರೂಪಾಯಿ ಆಗುತ್ತೆ. ಅಂಗಡಿಯವನ ಲಾಭ ತೆಗೆದರೆ ಅಲ್ಪಸ್ವಲ್ಪ ಇಳಿದೀತು, ಅಷ್ಟೆ. ಇಪ್ಪತ್ತು ವರ್ಷ ಸೇದಿದವನು ಎಷ್ಟು ಕಟ್ಟಿರಬಹುದು, ನೀವೇ ಗುಣಿಸಿಕೊಳ್ಳಿ. ಈ ತೆರಿಗೆಯಲ್ಲಿ ಅರ್ಧ ದೆಹಲಿಗೆ, ಅರ್ಧ ನಮ್ಮ ವಿಧಾನಸೌಧಕ್ಕೆ. ಆದ್ದರಿಂದ ಇಬ್ಬರೂ ಉತ್ತರ ಕೊಡಬೇಕಾದವರೇ.

ಸಿಗರೇಟು ಸೇದುವವನ ಪಾಡು ಇನ್ನೂ ಬಿಗಿ. ಅವನು ಕೊಡುವ ಬೆಲೆಯಲ್ಲಿ ಅರ್ಧದಷ್ಟು ತೆರಿಗೆಯೇ ಆಗಿರುತ್ತೆ ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆ ಹಿಂದಿನ ವರ್ಷಗಳಲ್ಲಿ ಕೊಟ್ಟ ಲೆಕ್ಕ. 2026ರ ಫೆಬ್ರವರಿಯಿಂದ ಸಿಗರೇಟಿಗೆ ಶೇ. 40 ಜಿಎಸ್‌ಟಿ. ಅದರ ಮೇಲೆ ಉದ್ದ ನೋಡಿ ಸಾವಿರಕ್ಕೆ 2,050 ರೂಪಾಯಿಂದ 8,500 ರೂಪಾಯಿವರೆಗೆ ಕೇಂದ್ರದ ಅಬಕಾರಿ ಸುಂಕ. ಪೆಟ್ಟಿಗೆ ಅಂಗಡಿಯಲ್ಲಿ ನಿಂತು ಒಂದು ಬಿಡಿ ಸಿಗರೇಟನ್ನು ಇಬ್ಬರು ಹಂಚಿಕೊಂಡು ಸೇದುವ ಹಾಸ್ಟೆಲ್ ಗೆಳೆಯರು ಇದನ್ನು ಓದಿಕೊಳ್ಳಲಿ. ಆ ಹೊಗೆಯಲ್ಲಿ ನಿಮ್ಮ ಸ್ಕಾಲರ್‌ಶಿಪ್ಪಿನ ದುಡ್ಡು ಬಂದ ದಾರಿಯಲ್ಲೇ ಖಜಾನೆಗೆ ವಾಪಸು ಹೋಗುತ್ತಿದೆ.

ಈ ತೆರಿಗೆ ಇವತ್ತು ನಿನ್ನೆಯದಲ್ಲ. ಎರಡನೇ ಮಹಾಯುದ್ಧದ ಖರ್ಚು ಬಿದ್ದಾಗ, 1943ರಲ್ಲಿ, ಬ್ರಿಟಿಷ್ ಸರ್ಕಾರ ಹೊಗೆಸೊಪ್ಪಿನ ಮೇಲೆ ಅಬಕಾರಿ ಸುಂಕ ಹಾಕಿತು. ಯುದ್ಧ ಮುಗಿಯಿತು, ಬ್ರಿಟಿಷರು ಹೋದರು, ಸುಂಕ ಉಳಿಯಿತು. ಪಕ್ಷಗಳು ಬಂದವು, ಹೋದವು, ಸುಂಕ ಏರುತ್ತಲೇ ಹೋಯಿತು. ಮೊನ್ನೆ ಮೊನ್ನೆಯ ಕೊರೋನಾ ಕಾಲದ ಕತೆಯನ್ನೇ ನೋಡಿ. ರಾಜ್ಯಗಳಿಗೆ ಕೊಡಬೇಕಿದ್ದ ಜಿಎಸ್‌ಟಿ ಪರಿಹಾರಕ್ಕೆ ದುಡ್ಡಿಲ್ಲ ಅಂತ ಕೇಂದ್ರ ಸರ್ಕಾರ 2020-21ರಲ್ಲಿ 1.1 ಲಕ್ಷ ಕೋಟಿ, 2021-22ರಲ್ಲಿ 1.59 ಲಕ್ಷ ಕೋಟಿ ಸಾಲ ಎತ್ತಿತು. ಆ ಸಾಲ ತೀರಿಸುವುದಕ್ಕೆ ಕಾರು, ಕಲ್ಲಿದ್ದಲು, ಸಿಗರೇಟು, ಪಾನ್ ಮಸಾಲ ಮುಂತಾದವುಗಳ ಮೇಲಿನ ಪರಿಹಾರ ಸೆಸ್ಸನ್ನು ಮುಂದುವರಿಸಿದರು. 2025ರ ಸೆಪ್ಟೆಂಬರ್ 22ಕ್ಕೆ ಕಾರಿನವರ ಸೆಸ್ ತೆಗೆದರು. ಹೊಗೆಸೊಪ್ಪಿನ ಪದಾರ್ಥಗಳ ಮೇಲೆ, ಪಾನ್ ಮಸಾಲದ ಮೇಲೆ ಮಾತ್ರ ಸಾಲ ತೀರುವ ತನಕ ಉಳಿಸಿಕೊಂಡರು. ಅಂದರೆ ಸರ್ಕಾರಗಳ ಸಾಲದ ಕೊನೇ ಕಂತು ಕಟ್ಟಿದವನು ಸಿಗರೇಟು ಸೇದುವವನು, ಕಡ್ಡಿಪುಡಿ ಅಗಿಯುವವನು. ಯಾವ ಮಂತ್ರಿಯೂ ಅವನಿಗೆ ಒಂದು ಕೃತಜ್ಞತೆ ಹೇಳಲಿಲ್ಲ.

ಇನ್ನೊಂದು ಕಡೆ ನೋಡಿ. ಸತ್ತವರ ಆಸ್ತಿಯ ಮೇಲಿದ್ದ ಎಸ್ಟೇಟ್ ಸುಂಕವನ್ನು 1985ರಲ್ಲಿ ರದ್ದು ಮಾಡಿದರು. ಶ್ರೀಮಂತರ ಸಂಪತ್ತಿನ ತೆರಿಗೆಯನ್ನು 2015ರ ಬಜೆಟ್ಟಿನಲ್ಲಿ ತೆಗೆದುಹಾಕಿದರು. 2019ರ ಸೆಪ್ಟೆಂಬರಿನಲ್ಲಿ ಕಂಪನಿಗಳ ತೆರಿಗೆಯನ್ನು ಶೇ. 30ರಿಂದ 22ಕ್ಕೆ ಇಳಿಸಿದರು. ಬಂಗಲೆ ಬಿಟ್ಟು ಸತ್ತವನ ಮಕ್ಕಳಿಗೆ ತೆರಿಗೆ ಇಲ್ಲ. ಮೋಟು ಬೀಡಿ ಬಿಟ್ಟು ಸತ್ತವನು ಬದುಕಿರುವ ತನಕ ಕಟ್ಟಿದ್ದಾನೆ. ಇದು ಯಾವ ನ್ಯಾಯ?

ಈ ಅನ್ಯಾಯಕ್ಕೆ ಅವರು ಇಟ್ಟಿರುವ ಹೆಸರು ‘ಪಾಪದ ತೆರಿಗೆ’. ಹೆಸರು ನೋಡಿ ಹೇಗಿದೆ! ಪಾಪ ಪುಣ್ಯದ ಲೆಕ್ಕ ಬರೆಯುವ ಪುಸ್ತಕ ಈ ದೇಶದಲ್ಲಿ ಯಾರ ಕೈಲಿತ್ತು ಅನ್ನೋದು ನಮಗೆ ಗೊತ್ತು. ನಮ್ಮ ತಾತಂದಿರಿಗೆ ಹಿಂದಿನ ಜನ್ಮದ ಪಾಪ ಅಂದರು, ಕೇರಿಗೆ ಅಟ್ಟಿದರು. ಈಗ ಈ ಜನ್ಮದ ಪಾಪ ಅಂತಾರೆ, ಜೇಬಿಗೆ ಕೈ ಹಾಕ್ತಾರೆ. ಹಗಲೆಲ್ಲ ಬಗ್ಗಿ ನಾಟಿ ಮಾಡುವವನು, ಚರಂಡಿಗೆ ಇಳಿಯುವವನು, ಕಲ್ಲು ಒಡೆಯುವವನು ಹಸಿವು ಅಡಗಲಿ ಅಂತಲೋ, ನಾತ ಮರೆಯಲಿ ಅಂತಲೋ ಒಂದು ಬೀಡಿ ಹಚ್ಚಿದರೆ ಅದು ಪಾಪ. ಅವನಿಗೆ ಕನಿಷ್ಠ ಕೂಲಿ ಕೊಡದೆ ದುಡಿಸಿಕೊಂಡವನದು ವ್ಯವಹಾರ!

ಹಾಗಂತ ನಾವು ಬೀಡಿ ಸಿಗರೇಟಿನ ವಕೀಲರಲ್ಲ. ಇದನ್ನು ಸ್ಪಷ್ಟವಾಗಿ ಹೇಳಬೇಕು. ಹೊಗೆಸೊಪ್ಪು ನಮ್ಮ ಜನರನ್ನು ಕೊಲ್ಲುತ್ತಿದೆ. ಭಾರತದಲ್ಲಿ ವರ್ಷಕ್ಕೆ ಸುಮಾರು 13.5 ಲಕ್ಷ ಜನ ಇದರಿಂದ ಸಾಯುತ್ತಾರೆ. 2016-17ರ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ 28.6 ಮಂದಿ ಹೊಗೆಸೊಪ್ಪನ್ನು ಒಂದಲ್ಲ ಒಂದು ರೂಪದಲ್ಲಿ ಬಳಸುವವರು. ಕರ್ನಾಟಕದಲ್ಲಿ 22.8. ದೇಶದಲ್ಲಿ ಸಿಗರೇಟು ಸೇದುವವರು ನೂರಕ್ಕೆ 4 ಮಂದಿಯಾದರೆ ಬೀಡಿ ಸೇದುವವರು 7.7 ಮಂದಿ. ಓದು ಕಡಿಮೆಯಾದಷ್ಟೂ, ಬಡತನ ಹೆಚ್ಚಾದಷ್ಟೂ ಈ ಚಟ ಜಾಸ್ತಿ. ಬೀಡಿ ಎಲೆಯಲ್ಲಿ ಸುತ್ತಿದ್ದು, ಅದು ಸಿಗರೇಟಿನಷ್ಟು ಕೆಟ್ಟದ್ದಲ್ಲ ಅಂತ ಹಳ್ಳಿಯಲ್ಲಿ ಹೇಳ್ತಾರೆ. ಅದು ಸುಳ್ಳು. ಬಾಯಿ, ಗಂಟಲು, ಶ್ವಾಸಕೋಶ ಯಾವುದನ್ನೂ ಬೀಡಿ ಬಿಡೋದಿಲ್ಲ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ಅಂಗಳದಲ್ಲಿ ಚಾಪೆ ಹಾಸಿಕೊಂಡು ಕೂತವರು ಯಾವ ಊರಿನವರು, ಯಾವ ಬಟ್ಟೆ ಹಾಕಿದವರು ಅಂತ ಹೋಗಿ ನೋಡಿದರೆ ಗೊತ್ತಾಗುತ್ತೆ.

ಹಾಗಾದರೆ ಸರ್ಕಾರ ಬೀಡಿಯ ತೆರಿಗೆಯನ್ನು 28ರಿಂದ 18ಕ್ಕೆ ಇಳಿಸಿದ್ದು ಬಡವರಿಗೆ ಮಾಡಿದ ಉಪಕಾರವೇ? ಚಪ್ಪಾಳೆ ತಟ್ಟೋಕೆ ನಾವು ತಯಾರಿಲ್ಲ. ‘ಬೀಡಿ ಬಡವರದ್ದು, ಅದಕ್ಕೆ ತೆರಿಗೆ ಕಡಿಮೆ ಇರಲಿ’ ಅನ್ನೋ ಮಾತು ಬಹಳ ಹಳೆಯದು. ಜಿಎಸ್‌ಟಿಗೆ ಮುಂಚೆ ವರ್ಷಕ್ಕೆ 20 ಲಕ್ಷ ಬೀಡಿಯೊಳಗೆ ಮಾಡುವ ಕೈಬೀಡಿ ತಯಾರಕನಿಗೆ ಅಬಕಾರಿ ಸುಂಕದ ವಿನಾಯಿತಿಯೂ ಇತ್ತು. ಈ ರಿಯಾಯಿತಿಯ ಫಲ ಯಾರಿಗೆ ಸಿಕ್ಕಿತು? ಸೇದುವವನಿಗೆ ಸಿಕ್ಕಿದ್ದು ಅಗ್ಗದ ಸಾವು. 2017ರಲ್ಲಿ ಬೀಡಿ ಸೇದುವುದರಿಂದ ಆದ ರೋಗ, ಅಕಾಲ ಮರಣಗಳ ನಷ್ಟ 80,550 ಕೋಟಿ ರೂಪಾಯಿ ಅಂತ ಆರೋಗ್ಯ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ಅದಕ್ಕೆ ಹಿಂದಿನ ವರ್ಷ, 2016-17ರಲ್ಲಿ, ಬೀಡಿಯಿಂದ ಬಂದ ಅಬಕಾರಿ ಸುಂಕ 417 ಕೋಟಿ. ನೂರು ರೂಪಾಯಿ ನಷ್ಟಕ್ಕೆ ಎಂಟಾಣೆ ವಸೂಲಿ! ಎಲ್ಲ ಬಗೆಯ ಹೊಗೆಸೊಪ್ಪನ್ನೂ ಸೇರಿಸಿದರೆ 2017-18ರ ನಷ್ಟ 1 ಲಕ್ಷದ 77 ಸಾವಿರ ಕೋಟಿ ದಾಟಿತ್ತು. ಈ ನಷ್ಟ ಬಜೆಟ್ ಪುಸ್ತಕದಲ್ಲಿ ಕಾಣುವುದಿಲ್ಲ. ಯಾಕೆಂದರೆ ಅದನ್ನು ಭರಿಸುವುದು ಬಹುಮಟ್ಟಿಗೆ ಸಂಸಾರಗಳು. ಅಪ್ಪ ಕೆಮ್ಮುತ್ತಾ ಮಲಗಿದ ಮನೆಯಲ್ಲಿ ಮಗ ಕಾಲೇಜು ಬಿಟ್ಟ, ಅರ್ಧ ಎಕರೆ ಅಡವಿಟ್ಟರು, ಅಕ್ಕನ ಮದುವೆ ನಿಂತಿತು. ಇದೆಲ್ಲ ಯಾವ ಬಾಬತ್ತಿನಲ್ಲಿ ಬರುತ್ತೆ?

ಇಷ್ಟು ಹೊತ್ತು ಸೇದುವವನ ಮಾತಾಯಿತು. ಸುತ್ತುವವಳ ಮಾತು ಇನ್ನೂ ಇದೆ. ಸರ್ಕಾರದ ಲೆಕ್ಕದಲ್ಲೇ ದೇಶದಲ್ಲಿ ಸುಮಾರು 50 ಲಕ್ಷ ಬೀಡಿ ಕಾರ್ಮಿಕರಿದ್ದಾರೆ. ಬಹುಪಾಲು ಹೆಂಗಸರು, ಮನೆಯಲ್ಲೇ ಕೂತು ಸುತ್ತುವವರು. ನಮ್ಮ ನಾಡಿನಲ್ಲಿ ದಕ್ಷಿಣ ಕನ್ನಡದಿಂದ ಹಿಡಿದು ಮೈಸೂರು, ತುಮಕೂರು, ದಾವಣಗೆರೆಯ ಗಲ್ಲಿಗಳ ತನಕ ಮುಸ್ಲಿಂ, ಬಿಲ್ಲವ, ದಲಿತ ಮನೆಗಳ ತಾಯಂದಿರು ಮೊರ ಮಡಿಲಲ್ಲಿಟ್ಟುಕೊಂಡು ಎಲೆ ಕತ್ತರಿಸುತ್ತಾರೆ, ಪುಡಿ ತುಂಬುತ್ತಾರೆ, ದಾರ ಕಟ್ಟುತ್ತಾರೆ. ಕೂಲಿ ಸಾವಿರದ ಲೆಕ್ಕದಲ್ಲಿ. ಗುತ್ತಿಗೆದಾರ ಒಂದು ಹಿಡಿ ಬೀಡಿ ಎತ್ತಿ ‘ಇದು ಸರಿಯಿಲ್ಲ’ ಅಂತ ಪಕ್ಕಕ್ಕೆ ಹಾಕಿದರೆ ಅಷ್ಟರ ಕೂಲಿ ಹೋಯಿತು. ಕೊಟ್ಟ ಎಲೆ ಕಡಿಮೆ ಬಿದ್ದರೆ ಕೈಯಿಂದ ಕೊಂಡು ತುಂಬಬೇಕು. ನಿಪ್ಪಾಣಿಯ ತಂಬಾಕು ಗೋದಾಮುಗಳಲ್ಲಿ ಧೂಳು ಕುಡಿದು ದುಡಿದ ಹೆಣ್ಣುಮಕ್ಕಳು 1980ರ ಸುಮಾರಿಗೆ ಸಂಘ ಕಟ್ಟಿ ಹೋರಾಡಿದ್ದನ್ನು ನಾವು ಮರೆಯಬಾರದು. ಯಾವ ಹಕ್ಕೂ ಅವರಿಗೆ ಯಾರೂ ತಟ್ಟೆಯಲ್ಲಿಟ್ಟು ಕೊಟ್ಟದ್ದಲ್ಲ.

ಅಂಥ ಹೋರಾಟಗಳಿಂದ ದೇಶದ ಬೀಡಿ ಕಾರ್ಮಿಕರು ಗಳಿಸಿದ ಹಕ್ಕುಗಳು ಕೆಲವು ಇವೆ. 1966ರಲ್ಲಿ ಬೀಡಿ, ಸಿಗಾರ್ ಕಾರ್ಮಿಕರ ಕೆಲಸದ ಷರತ್ತುಗಳ ಕಾಯ್ದೆ ಬಂತು. 1976ರಲ್ಲಿ ಎರಡು ಕಾಯ್ದೆ ಬಂದವು. ಒಂದು ಬೀಡಿ ಕಾರ್ಮಿಕರ ಕಲ್ಯಾಣ ಸೆಸ್ ಕಾಯ್ದೆ, ಇನ್ನೊಂದು ಕಲ್ಯಾಣ ನಿಧಿ ಕಾಯ್ದೆ. ತಯಾರಾದ ಬೀಡಿಯ ಮೇಲೆ ಸೆಸ್. ಆ ದುಡ್ಡಿನ ಉದ್ದೇಶ ಕಾರ್ಮಿಕರ ಆಸ್ಪತ್ರೆ, ಮನೆ, ಮಕ್ಕಳ ಸ್ಕಾಲರ್‌ಶಿಪ್ ಅಂತ ಕಾನೂನಿನಲ್ಲೇ ಬರೆದಿತ್ತು. ಕೊನೆಯ ಹೊತ್ತಿಗೆ ಸಾವಿರ ಬೀಡಿಗೆ 5 ರೂಪಾಯಿ ಸೆಸ್ ಇತ್ತು. ಮೈಸೂರಿನ ಬೀಡಿ ಕಾರ್ಮಿಕರ ಆಸ್ಪತ್ರೆ ಈ ಏರ್ಪಾಡಿನದೇ. ಬೀಡಿ ಸುತ್ತುವ ತಾಯಿಯ ಮಗ, ಮಗಳು ಈ ನಿಧಿಯ ಸ್ಕಾಲರ್‌ಶಿಪ್ಪಿನಲ್ಲಿ ಪುಸ್ತಕ ಕೊಂಡು ಓದಿದ್ದಾರೆ. ಇದನ್ನು ಓದುತ್ತಿರುವವರಲ್ಲೂ ಅಂಥವರಿರಬಹುದು. ಹೊಗೆಯ ದುಡ್ಡು ಹೊಗೆಯಲ್ಲಿ ಬೆಂದವರಿಗೇ ತಿರುಗಿ ಬರುವ ಒಂದು ಸಣ್ಣ ಕಾಲುವೆ ಅದು.

2017ರಲ್ಲಿ ಜಿಎಸ್‌ಟಿ ಬಂತು. ‘ಒಂದು ದೇಶ ಒಂದು ತೆರಿಗೆ’ ಅಂತ ರಾತ್ರಿ ಹನ್ನೆರಡು ಗಂಟೆಗೆ ಸಂಸತ್ತಿನಲ್ಲಿ ದೀಪ ಹಾಕಿ ಸಂಭ್ರಮ ಮಾಡಿದರು. ಅದೇ ಜುಲೈ 1ಕ್ಕೆ ಬೀಡಿ ಕಾರ್ಮಿಕರ ಸೆಸ್ ರದ್ದಾಯಿತು. ಬೀಡಿಯ ಮೇಲೆ ಶೇ. 28 ತೆರಿಗೆ ಹಾಕಿದ ಸರ್ಕಾರ ಅದರಲ್ಲಿ ಒಂದೇ ಒಂದು ಪೈಸೆಯನ್ನೂ ಬೀಡಿ ಸುತ್ತುವವಳ ಹೆಸರಿಗೆ ಕಾನೂನಿನಲ್ಲಿ ಬರೆಯಲಿಲ್ಲ. ಯೋಜನೆಗಳು ಪೂರಾ ನಿಂತಿಲ್ಲ, ಬಜೆಟ್ ಅನುದಾನದಲ್ಲಿ ನಡೆಯುತ್ತಿವೆ ಅಂತಾರೆ. ಇರಬಹುದು. ಆದರೆ ಬುಡ ಕಡಿದ ಮರಕ್ಕೆ ಯಾರೋ ದಿನಾ ಚೊಂಬಿನಲ್ಲಿ ನೀರು ಹೊಯ್ಯುತ್ತೇವೆ ಅಂದರೆ ನಂಬಬಹುದೇ? ಕಾನೂನಿನ ಹಕ್ಕಾಗಿದ್ದದ್ದು ಮಂತ್ರಿಯ ಮನಸ್ಸಿಗೆ ಬಂದದ್ದಾಯಿತು. ಹಕ್ಕು ಹೋಗಿ ದಯೆ ಬಂತು. ದಲಿತರಿಗೆ ದಯೆಯ ರುಚಿ ಚೆನ್ನಾಗಿ ಗೊತ್ತು.

ಈಗ ಬಂದಿರುವ ಹೊಸ ಸೆಸ್ ನೋಡಿ. 2025ರ ಡಿಸೆಂಬರಿನಲ್ಲಿ ಸಂಸತ್ತು ಪಾನ್ ಮಸಾಲದ ಮೇಲೆ ಆರೋಗ್ಯ ಮತ್ತು ರಾಷ್ಟ್ರೀಯ ಭದ್ರತೆಯ ಹೆಸರಿನ ಸೆಸ್ ಕಾಯ್ದೆ ಮಾಡಿತು. ಅಂದರೆ ಒಂದು ಹೆಸರಿಗೆ ದುಡ್ಡು ಎತ್ತಿಡೋದು ಸರ್ಕಾರಕ್ಕೆ ಬಾರದ ವಿದ್ಯೆಯೇನಲ್ಲ. ಭದ್ರತೆಗೆ ಬೇಕಾದರೆ ಸೆಸ್ ಸಿಗುತ್ತೆ. ಬೀಡಿ ಸುತ್ತುವವಳ ಮಗಳ ಸ್ಕಾಲರ್‌ಶಿಪ್ಪಿಗೆ ಬೇಕಾದರೆ ‘ಒಂದೇ ತೆರಿಗೆ’ ಅಡ್ಡ ಬರುತ್ತೆ!

ಸರ್ಕಾರದ ಇನ್ನೊಂದು ಮುಖವನ್ನೂ ನೋಡಿಬಿಡೋಣ. ಒಂದು ಕೈಯಲ್ಲಿ ‘ಧೂಮಪಾನ ಹಾನಿಕರ’ ಅನ್ನೋ ಬೋರ್ಡು. ಇನ್ನೊಂದು ಕೈಯಲ್ಲಿ ತಂಬಾಕು ಮಂಡಳಿ. 1976ರಿಂದ ಆ ಮಂಡಳಿ ಇದೆ. ಪಿರಿಯಾಪಟ್ಟಣ, ಹುಣಸೂರು ಸೀಮೆಯಲ್ಲಿ ಸೊಪ್ಪು ಬೆಳೆಯುವುದಕ್ಕೆ ಲೈಸೆನ್ಸ್ ಕೊಡುವುದು, ಹರಾಜು ಕೂಗಿಸುವುದು ಅದರ ಕೆಲಸ. ಸಿಗರೇಟಿನ ದೊಡ್ಡ ಕಂಪನಿ ಐಟಿಸಿಯಲ್ಲಿ ಸರ್ಕಾರಿ ಎಲ್‌ಐಸಿಯ ಷೇರು ಶೇ. 15ರ ಸುಮಾರು. ಸೇದಿದರೆ ತೆರಿಗೆ, ಮಾರಿದರೆ ಲಾಭಾಂಶ. ಈ ಮನೆಯಲ್ಲಿ ನೀನು ಚಟ ಬಿಟ್ಟರೆ ಸಂತೋಷಪಡುವವರು ಎಷ್ಟು ಜನ ಇರಬಹುದು? ನಮ್ಮ ರಾಜ್ಯ 2025ರ ಮೇ ತಿಂಗಳಲ್ಲಿ ತಂದ ತಿದ್ದುಪಡಿ ಕಾಯ್ದೆಯಲ್ಲಿ ಸಾರ್ವಜನಿಕ ಜಾಗದಲ್ಲಿ ಸೇದಿದವನ ದಂಡವನ್ನು 200ರಿಂದ 1,000 ರೂಪಾಯಿಗೆ ಏರಿಸಿತು. 2025-26ರಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ. ಹೊಗೆ ಬಿಟ್ಟ ತಪ್ಪಿಗೆ ಸುಮಾರು ಮೂರು ದಿನದ ಕೂಲಿ. ದಂಡ ಬೇಡ ಅಂತಲ್ಲ, ಪಕ್ಕದವನ ಮೂಗಿಗೆ ಹೊಗೆ ಬಿಡುವ ಹಕ್ಕು ಯಾರಿಗೂ ಇಲ್ಲ. ಆದರೆ ದಂಡದ ರಸೀದಿ ಪುಸ್ತಕ ಹಿಡಿದವನು ಬಸ್‌ಸ್ಟ್ಯಾಂಡಿನಲ್ಲಿ ಯಾರನ್ನು ಹಿಡಿಯುತ್ತಾನೆ, ಕ್ಲಬ್ಬಿನಲ್ಲಿ ಯಾರನ್ನು ಬಿಡುತ್ತಾನೆ ಅಂತ ನಾವು ನೋಡುತ್ತಾ ಇರಬೇಕು.

ತೆರಿಗೆಯ ಲೆಕ್ಕ ಕೇಳೋದು ನಮಗೆ ಹೊಸದಲ್ಲ. ಅದು ನಮ್ಮ ಹಿರಿಯರು ಹಾಕಿಕೊಟ್ಟ ದಾರಿ. 1882ರಲ್ಲಿ ಹಂಟರ್ ಶಿಕ್ಷಣ ಆಯೋಗದ ಮುಂದೆ ಜೋತಿಬಾ ಫುಲೆ ಇದೇ ಪ್ರಶ್ನೆ ಇಟ್ಟರು. ಖಜಾನೆ ತುಂಬುವುದು ರೈತ ಕೂಲಿಯವರ ಬೆವರಿನಿಂದ, ಆ ದುಡ್ಡು ಖರ್ಚಾಗುವುದು ಮೇಲುಜಾತಿಯವರ ಓದಿಗೆ, ಇದು ಯಾವ ನ್ಯಾಯ ಅನ್ನುವುದು ಅವರ ವಾದ. ಬಾಬಾಸಾಹೇಬರು ಸಂವಿಧಾನ ಬರೆದವರು ಅಂತ ಎಲ್ಲರಿಗೂ ಗೊತ್ತು. ಅವರು ಸರ್ಕಾರದ ಬೊಕ್ಕಸದ ಶಾಸ್ತ್ರ ಓದಿದ ಪಂಡಿತರು ಅನ್ನೋದು ನಮ್ಮ ಹುಡುಗರಲ್ಲಿ ಎಷ್ಟು ಜನಕ್ಕೆ ಗೊತ್ತು? ಬ್ರಿಟಿಷ್ ಭಾರತದ ಪ್ರಾಂತಗಳ ಹಣಕಾಸು ಬೆಳೆದು ಬಂದ ಬಗೆಯ ಮೇಲೆ ಅವರು ಬರೆದ ಮಹಾಪ್ರಬಂಧ 1925ರಲ್ಲಿ ಪುಸ್ತಕವಾಯಿತು. 1927ರಲ್ಲಿ ಮುಂಬೈ ಶಾಸನ ಮಂಡಳಿಗೆ ಕಾಲಿಟ್ಟ ಹೊಸದರಲ್ಲೇ ಅವರು ಬಜೆಟ್ ಮೇಲೆ ಮಾತಾಡಿದರು. ಒಂದು ತುಂಡು ಹೊಲದವನಿಗೂ ದೊಡ್ಡ ಜಹಗೀರಿನವನಿಗೂ ಒಂದೇ ದರದ ಕಂದಾಯ ಹಾಕುವುದನ್ನು ಖಂಡಿಸಿದರು. ತೆರಿಗೆ ಅನ್ನೋದು ಹೊರುವವನ ಶಕ್ತಿಗೆ ತಕ್ಕಂತೆ ಇರಬೇಕು ಅನ್ನುವುದು ಅಲ್ಲಿನ ತಿರುಳು. ಅದೇ ತಕ್ಕಡಿಯಲ್ಲಿ ಇವತ್ತಿನ ಬೀಡಿ ತೆರಿಗೆಯನ್ನು ತೂಗಿ ನೋಡಿ.

ದಲಿತ ಚಳವಳಿ ಹಿಂದೆ ಹೆಂಡದಂಗಡಿ ಬೇಡ, ವಸತಿ ಶಾಲೆ ಕೊಡಿ ಅಂತ ಬೀದಿಗಿಳಿಯಿತು. ಆ ಮಾತಿನ ಒಳಗಿದ್ದದ್ದು ಬರೀ ಕುಡಿತ ಬಿಡಿಸುವ ಉಪದೇಶವಲ್ಲ. ನಮ್ಮ ಕೇರಿಯಿಂದ ಹೀರಿದ ದುಡ್ಡು ನಮ್ಮ ಮಕ್ಕಳ ಓದಾಗಿ ತಿರುಗಿ ಬರಲಿ ಅನ್ನೋ ಲೆಕ್ಕ. ಆ ಲೆಕ್ಕವನ್ನೇ ನಾವೀಗ ಬೀಡಿಯ ಮೇಲೂ ಕೇಳಬೇಕು. ತೆರಿಗೆ ಹಾಕಲೇಬೇಡಿ ಅಂತ ನಾವು ಹೇಳುತ್ತಿಲ್ಲ. ಬೆಲೆ ಏರಿದರೆ ಹೊಸದಾಗಿ ಚಟ ಹತ್ತಿಸಿಕೊಳ್ಳುವ ಹುಡುಗರು ಕಡಿಮೆಯಾಗುತ್ತಾರೆ, ಅದು ಒಳ್ಳೆಯದೇ. ಆದರೆ ಬಡವನ ಚಟದಿಂದ ಎತ್ತಿದ ದುಡ್ಡು ಮೊದಲು ಆ ಬಡವನ ರೋಗಕ್ಕೆ, ಅವನ ಮಕ್ಕಳ ಓದಿಗೆ, ಬೀಡಿ ಸುತ್ತುವವಳ ಬದುಕಿಗೆ ಹೋಗಬೇಕು. ಉಳಿದರೆ ಮಿಕ್ಕದ್ದಕ್ಕೆ. ಆದ್ದರಿಂದ ನಮ್ಮ ಒತ್ತಾಯಗಳು ಇವು:

1. ಬೀಡಿ, ಸಿಗರೇಟು, ಅಗಿಯುವ ಹೊಗೆಸೊಪ್ಪು ಇವುಗಳಿಂದ ಎಷ್ಟು ತೆರಿಗೆ ಬಂತು, ಎಲ್ಲಿಗೆ ಹೋಯಿತು ಅನ್ನುವುದನ್ನು ಕೇಂದ್ರ, ರಾಜ್ಯ ಎರಡೂ ಬಜೆಟ್ಟಿನಲ್ಲಿ ಬೇರೆ ಬೇರೆಯಾಗಿ ಬರೆಯಬೇಕು.

2. ಬೀಡಿಯ ಜಿಎಸ್‌ಟಿಯಲ್ಲಿ ಒಂದು ಗೊತ್ತಾದ ಪಾಲು ಬೀಡಿ ಕಾರ್ಮಿಕರ ಕಲ್ಯಾಣ ನಿಧಿಗೆ ಅಂತ ಮತ್ತೆ ಕಾನೂನಾಗಬೇಕು. ಅದರ ಹೊರೆ ಸುತ್ತುವವರ ಕೂಲಿಯ ಮೇಲೆ ಬೀಳಕೂಡದು.

3. ಆ ನಿಧಿಯ ಸ್ಕಾಲರ್‌ಶಿಪ್ ಕಾಲೇಜು ಶುರುವಾಗುವಾಗ ಕೈಗೆ ಬರಬೇಕು, ಪರೀಕ್ಷೆ ಮುಗಿದ ಮೇಲಲ್ಲ.

4. ಬೀಡಿ ಬಿಟ್ಟು ಬೇರೆ ಕೆಲಸಕ್ಕೆ ಹೋಗುವ ಹೆಂಗಸರಿಗೆ ತರಬೇತಿ, ಬಂಡವಾಳ, ಅಷ್ಟು ದಿನದ ಕೂಲಿ ಕೊಡಬೇಕು. ಕೆಲಸ ಕಿತ್ತುಕೊಂಡು ಆಮೇಲೆ ಭಾಷಣ ಮಾಡುವುದಲ್ಲ.

5. ತಾಲ್ಲೂಕು ಆಸ್ಪತ್ರೆಗಳಲ್ಲಿ ಬಾಯಿ ಕ್ಯಾನ್ಸರ್ ತಪಾಸಣೆ, ಚಟ ಬಿಡಿಸುವ ಔಷಧಿ, ಸಲಹೆ ಪುಕ್ಕಟೆ ಸಿಗಬೇಕು.

6. ಬಡವನ ಹೊಗೆಗೆ ಕೈ ಹಾಕುವ ಮುಂಚೆ 2015ರಲ್ಲಿ ಕೈಬಿಟ್ಟ ಸಂಪತ್ತಿನ ತೆರಿಗೆಯನ್ನು ಮತ್ತೆ ತರಬೇಕು.

ಕೊನೆಯದಾಗಿ ಹಾಸ್ಟೆಲಿನ ಗೆಳೆಯರಿಗೆ ಎರಡು ಮಾತು.

ಬೀಡಿ, ಸಿಗರೇಟು ಬಿಟ್ಟುಬಿಡಿ. ಪಾಪ ಅಂತಲ್ಲ, ಯಾವ ಸ್ವಾಮಿಯ ಉಪದೇಶಕ್ಕೂ ಅಲ್ಲ. ನಿಮ್ಮ ಶ್ವಾಸಕೋಶ ಸುಟ್ಟು ಖಜಾನೆ ಬೆಚ್ಚಗಾಗುವ ಈ ವ್ಯವಹಾರದಲ್ಲಿ ನೀವು ಗಿರಾಕಿಯಾಗಬೇಡಿ ಅಂತ. ಚಳವಳಿಗೆ ದೊಡ್ಡ ದನಿ ಬೇಕು, ಕೆಮ್ಮುವ ಎದೆ ಅಲ್ಲ. ಸಭೆ ಮುಗಿದ ಮೇಲೆ ಕ್ರಾಂತಿಯ ಮಾತಾಡುತ್ತಾ ಸಿಗರೇಟು ಹಚ್ಚುವ ನಮ್ಮ ಕಾರ್ಯಕರ್ತರಿಗೂ ಈ ಮಾತು ಸೇರುತ್ತೆ.

ಎರಡನೆಯದು. ಯಾರಾದರೂ ‘ನಮ್ಮ ತೆರಿಗೆ ದುಡ್ಡು’ ಅಂದಾಗ ತಲೆ ತಗ್ಗಿಸಬೇಡಿ. ಜಗಳಕ್ಕೂ ನಿಲ್ಲಬೇಡಿ. ಈ ಲೆಕ್ಕ ಮುಂದಿಡಿ. ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕಿ, ನಿಮ್ಮ ಜಿಲ್ಲೆಯಲ್ಲಿ ಬೀಡಿ ಕಾರ್ಮಿಕರ ಮಕ್ಕಳಿಗೆ 2017ರ ಹಿಂದೆ ಎಷ್ಟು ಸ್ಕಾಲರ್‌ಶಿಪ್ ಬಂತು, ಆಮೇಲೆ ಎಷ್ಟು ಬಂತು ಅಂತ ಕೇಳಿ. ಬಂದ ಉತ್ತರವನ್ನು ಹಾಸ್ಟೆಲಿನ ಗೋಡೆಗೆ ಅಂಟಿಸಿ, ನಮಗೂ ಕಳಿಸಿ. ಮುಂದಿನ ಸಂಚಿಕೆಗಳಲ್ಲಿ ಅಚ್ಚು ಹಾಕುತ್ತೇವೆ. ಕೇಳದೆ ಬಂದದ್ದು ಭಿಕ್ಷೆ, ಲೆಕ್ಕ ಹಾಕಿ ಕೇಳಿದ್ದು ಹಕ್ಕು.

ಜೈ ಭೀಮ್.